ಕುದುರೆ ಮರಿಗಳ ಹರಾಜಿನಲ್ಲಿ ಬೆಲೆಯನ್ನು ಓದುವುದು ಹೇಗೆ?

ಅಮೆರಿಕದ ಕೆಂಟುಕಿ ರಾಜ್ಯದ ಕೀನ್‌ಲ್ಯಾಂಡಿನಲ್ಲಿ ನಡೆಯುವ ರೇಸ್ ಕುದುರೆ ಮರಿಗಳ ಸೆಪ್ಟೆಂಬರ್ ಹರಾಜನ್ನು ಮೊಬೈಲಿನಲ್ಲಿ ನೋಡುತ್ತಿದ್ದೀರಿ. 4 ಲಕ್ಷ ಡಾಲರ್‌ವರೆಗೆ ಕೂಗು ಏರಿದ ಗಂಡು ಮರಿಯೊಂದು ಕೊನೆಗೆ ಪಟ್ಟಿಯಲ್ಲಿ ಮಾರಾಟವಾಗಿಲ್ಲ ಎಂದು ಬಂದಿದೆ. ಅದಕ್ಕಿಂತ ಸಣ್ಣದಾಗಿ ಕಂಡ ಇನ್ನೊಂದು 6 ಲಕ್ಷಕ್ಕೆ ಹೋಗಿದೆ. ಇದರ ಲೆಕ್ಕವೇನು ಎಂದು ಕೇಳಿದ್ದೀರಿ.

ಮೊದಲು ಆ 4 ಲಕ್ಷವನ್ನು ತಲೆಯಿಂದ ತೆಗೆದುಹಾಕಿ. ಆ ದುಡ್ಡನ್ನು ಯಾರೂ ಕೊಟ್ಟಿಲ್ಲ. ಸಾಮಾನ್ಯವಾಗಿ ಮಾರಾಟಗಾರನು ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂದು ಒಂದು ಮೀಸಲು ಬೆಲೆಯನ್ನು ಗುಟ್ಟಾಗಿ ಇಟ್ಟಿರುತ್ತಾನೆ. ಆ ಬೆಲೆ ಮುಟ್ಟುವವರೆಗೆ ಮಾರಾಟಗಾರನ ಪರವಾಗಿಯೂ ಕೂಗು ಹಾಕಲು ಹರಾಜಿನ ನಿಯಮಗಳಲ್ಲಿ ಅವಕಾಶವಿದೆ. ಹಾಗಾಗಿ ನೀವು ಪರದೆಯ ಮೇಲೆ ನೋಡಿದ ಏರಿಕೆಯಲ್ಲಿ ನಿಜವಾದ ಗಿರಾಕಿಯ ಪಾಲು ಎಷ್ಟು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಆರ್‌ಎನ್‌ಎ ಎಂಬ ಮೂರು ಅಕ್ಷರ ಕಂಡರೆ ಮೀಸಲು ಬೆಲೆ ಮುಟ್ಟಲಿಲ್ಲ ಎಂದರ್ಥ. ಅದರ ಮುಂದೆ ಇರುವ ಅಂಕಿ ಕೊನೆಯ ಕೂಗು ಮಾತ್ರ. ಇಂಥ ಮರಿ ಮುಂದೆ ಹೊರಗಡೆ ಮಾತುಕತೆಯಲ್ಲಿ ಮಾರಾಟವಾಗುವುದೂ ಉಂಟು.

ನಾನು ಕಲಬುರಗಿಯ ನೆಹರು ಗಂಜಿನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಹೆಸರುಕಾಳಿನ ಆವಕ ಇರುತ್ತದೆ. ಅಂಗಡಿ ಮುಚ್ಚಿ ಮನೆಗೆ ಬಂದು ಊಟಕ್ಕೆ ಕೂರುವ ಹೊತ್ತಿಗೆ, ಅಂದರೆ ನಮ್ಮ ರಾತ್ರಿ 7:30ಕ್ಕೆ, ಕೆಂಟುಕಿಯಲ್ಲಿ ಬೆಳಿಗ್ಗೆ 10 ಗಂಟೆ. ದಿನವಿಡೀ ಒಂದು ಬಗೆಯ ಹರಾಜನ್ನು ನೋಡಿ ರಾತ್ರಿ ಇನ್ನೊಂದನ್ನು ನೋಡುವುದರಿಂದ ನನಗೆ ಎರಡರ ವ್ಯತ್ಯಾಸ ಚೆನ್ನಾಗಿ ಮನದಟ್ಟಾಗಿದೆ, ಅದನ್ನೇ ಹೇಳುತ್ತೇನೆ. ಗಂಜಿನಲ್ಲಿ ರೈತರ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ರಾಶಿಯಿಂದ ಕಾಳನ್ನು ಅಂಗೈಗೆ ತೆಗೆದುಕೊಂಡು, ತೇವ ನೋಡಿ, ಹುಳುಕು ನೋಡಿ, ತಮ್ಮ ದರವನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಪಕ್ಕದ ಅಂಗಡಿಯವರು ಎಷ್ಟು ಹಾಕಿದರು ಎಂಬುದು ಕಾಣುವುದಿಲ್ಲ. ಎಲ್ಲರಿಗಿಂತ ಹೆಚ್ಚು ಹಾಕಿದವರು ಹಾಕಿದಷ್ಟನ್ನೂ ಕೊಡಬೇಕು. ಕುದುರೆ ಹರಾಜಿನಲ್ಲಿ ಕೂಗು ಎಲ್ಲರ ಎದುರೇ ಏರುತ್ತದೆ. ಗೆದ್ದವನು ಎರಡನೆಯವನಿಗಿಂತ ಒಂದು ಮೆಟ್ಟಿಲು ಮೇಲೆ ಹೋದರೆ ಮುಗಿಯಿತು. ಅಂದರೆ 6 ಲಕ್ಷಕ್ಕೆ ಹೋದ ಮರಿಯ ಬೆಲೆಯನ್ನು ನಿರ್ಧರಿಸಿದವನು ಅದನ್ನು ಕೊಂಡವನಲ್ಲ, ಸೋತು ತಲೆಯಾಡಿಸಿದ ಎರಡನೆಯವನು. ಕೊಂಡವನ ಜೇಬಿನಲ್ಲಿ ಇನ್ನೆಷ್ಟಿತ್ತೋ ಯಾರಿಗೂ ತಿಳಿಯದು.

ಈ ಒಂದು ವಿಷಯ ಹಿಡಿತಕ್ಕೆ ಬಂದರೆ ವಿಚಿತ್ರ ಬೆಲೆಗಳೆಲ್ಲ ಅರ್ಥವಾಗತೊಡಗುತ್ತವೆ. 1983ರ ಜುಲೈನಲ್ಲಿ ಕೀನ್‌ಲ್ಯಾಂಡಿನಲ್ಲಿ ನಾರ್ದರ್ನ್ ಡ್ಯಾನ್ಸರ್ ಎಂಬ ಹೆಸರಾಂತ ಕುದುರೆಯ ಮಗನೊಬ್ಬನಿಗಾಗಿ ದುಬೈನ ಶೇಖ್ ಮೊಹಮ್ಮದ್ ಅವರ ಕಡೆಯವರಿಗೂ ಇಂಗ್ಲೆಂಡಿನ ರಾಬರ್ಟ್ ಸ್ಯಾಂಗ್‌ಸ್ಟರ್ ಅವರ ಗುಂಪಿಗೂ ಪೈಪೋಟಿ ಬಿತ್ತು. ಅಲ್ಲಿನ ಬೆಲೆಯ ಫಲಕದಲ್ಲಿ ಏಳು ಅಂಕಿಗಳಿಗೆ ಮಾತ್ರ ಜಾಗವಿತ್ತು. ಕೂಗು 1 ಕೋಟಿ ಡಾಲರ್ ಮುಟ್ಟಿದಾಗ ಎಂಟನೆಯ ಅಂಕಿಗೆ ಜಾಗವಿಲ್ಲದೆ ಫಲಕದಲ್ಲಿ ಸೊನ್ನೆಗಳು ನಿಂತವು. ಮರಿ 1 ಕೋಟಿ 2 ಲಕ್ಷ ಡಾಲರಿಗೆ ಶೇಖರ ಪಾಲಾಯಿತು. ಸ್ನಾಫಿ ಡ್ಯಾನ್ಸರ್ ಎಂದು ಹೆಸರಿಟ್ಟರು. ಅದು ಒಂದು ರೇಸನ್ನೂ ಓಡಲಿಲ್ಲ. ಎರಡು ವರ್ಷದ ನಂತರ, 1985ರಲ್ಲಿ, ಸಿಯಾಟಲ್ ಡ್ಯಾನ್ಸರ್ 1 ಕೋಟಿ 31 ಲಕ್ಷಕ್ಕೆ ಹೋಯಿತು. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಸಿಯಾಟಲ್ ಸ್ಲೂ 1975ರಲ್ಲಿ ಬೇರೊಂದು ಹರಾಜಿನಲ್ಲಿ 17,500 ಡಾಲರಿಗೆ ಹೋಗಿತ್ತು. 1977ರಲ್ಲಿ ಅಮೆರಿಕದ ಮೂರು ದೊಡ್ಡ ರೇಸುಗಳನ್ನೂ ಗೆದ್ದು ಟ್ರಿಪಲ್ ಕ್ರೌನ್ ತಂದದ್ದು ಆ 17,500ರ ಕುದುರೆ. ತಮ್ಮನಾದ ಸಿಯಾಟಲ್ ಡ್ಯಾನ್ಸರ್ ಐದು ಬಾರಿ ಓಡಿ ಎರಡು ಗೆದ್ದ. ಈ ಜೋಡಿಯನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹರಾಜಿನ ಅಂಗಳದಲ್ಲಿ ಇರುವುದು ಇನ್ನೂ ಬೆನ್ನಿನ ಮೇಲೆ ಸವಾರನನ್ನು ಹೊತ್ತು ಓಡದ, ಒಂದೂವರೆ ವರ್ಷದ ಪ್ರಾಣಿ. ಅದು ಓಡುತ್ತದೆಯೇ ಎಂಬುದನ್ನು ಆ ಕ್ಷಣದಲ್ಲಿ ಬಲ್ಲವರು ಯಾರೂ ಇಲ್ಲ.

ಹಾಗಾದರೆ ಕೊಳ್ಳುವವರು ಏನನ್ನು ನೋಡಿ ಕೂಗುತ್ತಾರೆ? ನಮಗೆ ಪರದೆಯಲ್ಲಿ ಕಾಣದ್ದನ್ನು. ಕಾಲಿನ ಎಕ್ಸ್‌ರೇಗಳನ್ನು ಮಾರಾಟಗಾರರು ಮೊದಲೇ ತೆಗೆಸಿ ಒಂದು ಕಡೆ ಇಟ್ಟಿರುತ್ತಾರೆ, ಕೊಳ್ಳುವವರ ಪಶುವೈದ್ಯರು ಅವನ್ನು ಪರಿಶೀಲಿಸುತ್ತಾರೆ. ಮೂಗಿನ ಮೂಲಕ ನಳಿಕೆ ಇಳಿಸಿ ಗಂಟಲು ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ನೋಡುತ್ತಾರೆ, ಏಕೆಂದರೆ ಉಸಿರಿನ ದಾರಿ ಕಿರಿದಾದ ಕುದುರೆ ಕೊನೆಯ ಫರ್ಲಾಂಗಿನಲ್ಲಿ ಸೋಲುತ್ತದೆ. ಒಳ್ಳೆಯ ವಂಶದ, ನೋಡಲು ಸೊಗಸಾದ ಮರಿಯ ಕೂಗು ಬೇಗ ನಿಂತರೆ ಬಹಳ ಸಲ ಕಾರಣ ಆ ಎಕ್ಸ್‌ರೇಗಳಲ್ಲಿ ಇರುತ್ತದೆ. ನಿಮ್ಮ 4 ಲಕ್ಷದ ಮರಿಯ ಕಥೆಯೂ ಅದಾಗಿರಬಹುದು, ಅಥವಾ ಮಾರಾಟಗಾರನ ಆಸೆಯೇ ದೊಡ್ಡದಿದ್ದಿರಬಹುದು.

ಸಣ್ಣದಾಗಿ ಕಂಡ ಮರಿಯ ಹುಟ್ಟಿದ ದಿನಾಂಕವನ್ನು ಕೆಟಲಾಗಿನಲ್ಲಿ ನೋಡಿ. ಉತ್ತರ ಗೋಳಾರ್ಧದ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳಿಗೆಲ್ಲ ಲೆಕ್ಕದಲ್ಲಿ ಜನವರಿ 1ರಂದೇ ಹುಟ್ಟುಹಬ್ಬ. ಮೇ ತಿಂಗಳಲ್ಲಿ ಹುಟ್ಟಿದ್ದು ಜನವರಿಯಲ್ಲಿ ಹುಟ್ಟಿದ್ದರ ಪಕ್ಕದಲ್ಲಿ ನಿಂತರೆ ಗಿಡ್ಡವಾಗಿ ಕಾಣುವುದು ಸಹಜ. ಅನುಭವಿಗಳು ಆ ನಾಲ್ಕು ತಿಂಗಳ ಬೆಳವಣಿಗೆಯನ್ನು ಮನಸ್ಸಿನಲ್ಲೇ ಸೇರಿಸಿಕೊಂಡು ಕೂಗುತ್ತಾರೆ. ತಾಯಿಯ ಕಡೆಯ ವಂಶದಲ್ಲಿ ದಪ್ಪಕ್ಷರದ ಹೆಸರುಗಳು ಎಷ್ಟು, ಅವು ಎಷ್ಟು ಹತ್ತಿರದವು ಎಂಬುದನ್ನೂ ನೋಡಿ. ದಪ್ಪಕ್ಷರ ಎಂದರೆ ದೊಡ್ಡ ರೇಸುಗಳಲ್ಲಿ ಗೆದ್ದವರು ಅಥವಾ ಮೊದಲ ಮೂರರಲ್ಲಿ ಬಂದವರು. ಮುತ್ತಜ್ಜಿಯ ಸಾಲಿನಲ್ಲಿ ಮಾತ್ರ ದಪ್ಪಕ್ಷರವಿದ್ದರೆ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ.

ಇನ್ನೊಂದು ಗಟ್ಟಿಯಾದ ಅಳತೆ ತಂದೆ ಕುದುರೆಯ ಶುಲ್ಕ, ಅಂದರೆ ಹೆಣ್ಣು ಕುದುರೆಗೆ ಗರ್ಭ ಕಟ್ಟಿಸಲು ಗಂಡು ಕುದುರೆಯ ಒಡೆಯನಿಗೆ ಕೊಡುವ ಹಣ. ಇಲ್ಲಿ ಹೊಸಬರು ಎಡವುವುದು ವರ್ಷದಲ್ಲಿ. 2025ರ ಸೆಪ್ಟೆಂಬರಿನಲ್ಲಿ ಮಾರಾಟವಾದ ಮರಿ 2024ರಲ್ಲಿ ಹುಟ್ಟಿದ್ದು, ಗರ್ಭ ನಿಂತದ್ದು 2023ರಲ್ಲಿ. ಆದ್ದರಿಂದ 2023ರ ಶುಲ್ಕವನ್ನೇ ಹಿಡಿಯಬೇಕು. ಆ ವರ್ಷ ಇಂಟು ಮಿಸ್ಚಿಫ್ ಎಂಬ ಕುದುರೆಯ ಶುಲ್ಕ 2.5 ಲಕ್ಷ ಡಾಲರ್ ಇತ್ತು. ಅದರ ಮರಿ 3 ಲಕ್ಷಕ್ಕೆ ಹೋದರೆ ದೊಡ್ಡ ಮೊತ್ತ ಎಂದು ನಮಗೆ ಅನಿಸುತ್ತದೆ. ತಾಯಿ ಕುದುರೆಯ ಬೆಲೆ, ಎರಡು ವರ್ಷದ ಮೇವು, ಲಾಯ, ಆಳು, ವೈದ್ಯರನ್ನು ಸೇರಿಸಿದರೆ ಸಾಕಿದವನಿಗೆ ಅದು ನಷ್ಟದ ದಿನ.

ಕೊಂಡವರ ಹೆಸರನ್ನೂ ಗಮನಿಸಿ. ಕೆಲವರು ಓಡಿಸಲು ಕೊಳ್ಳುವುದಿಲ್ಲ, ಪಳಗಿಸಿ ಮುಂದಿನ ವಸಂತದಲ್ಲಿ ಎರಡು ವರ್ಷದ ಕುದುರೆಗಳ ಹರಾಜಿನಲ್ಲಿ ಮರುಮಾರಾಟ ಮಾಡುತ್ತಾರೆ. ಗ್ರೀನ್ ಮಂಕಿ ಎಂಬ ಮರಿಯನ್ನು ಹೀಗೆಯೇ 4.25 ಲಕ್ಷಕ್ಕೆ ಕೊಂಡು 2006ರಲ್ಲಿ 1 ಕೋಟಿ 60 ಲಕ್ಷ ಡಾಲರಿಗೆ ಮಾರಿದರು. ಅದು ಮೂರು ಬಾರಿ ಓಡಿ ಒಮ್ಮೆಯೂ ಗೆಲ್ಲಲಿಲ್ಲ.

ದಿನದ ಸರಾಸರಿಯನ್ನು ನಂಬಬೇಡಿ, ಒಂದೆರಡು ದೊಡ್ಡ ಮಾರಾಟ ಅದನ್ನು ಎಳೆದೊಯ್ಯುತ್ತದೆ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಯನ್ನೂ ಮಾರಾಟವಾಗದೆ ಉಳಿದವುಗಳ ಪ್ರಮಾಣವನ್ನೂ ನೋಡಿ. ಅಲ್ಲದೆ ಕೀನ್‌ಲ್ಯಾಂಡಿನವರು ಹರಾಜನ್ನು ಪುಸ್ತಕಗಳೆಂಬ ಹಂತಗಳಾಗಿ ವಿಂಗಡಿಸಿ, ಉತ್ತಮವಾದವನ್ನು ಮೊದಲ ಪುಸ್ತಕದಲ್ಲಿ ಮಾರಿ, ಉಳಿದವನ್ನು ಮುಂದಿನ ಪುಸ್ತಕಗಳಿಗೆ ಹಂಚುತ್ತಾರೆ. ಎರಡನೆಯ ವಾರ ಬೆಲೆ ಇಳಿದರೆ ಮಾರುಕಟ್ಟೆ ಬಿತ್ತೆಂದು ಅರ್ಥವಲ್ಲ. ಹೋದ ವರ್ಷದ ಅದೇ ಪುಸ್ತಕದೊಂದಿಗೆ ಹೋಲಿಸಿ. ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಟ್ಯಾಟರ್ಸಾಲ್ಸ್ ಹರಾಜನ್ನು ನೋಡುವುದಾದರೆ ಅಲ್ಲಿ ಗಿನಿಯಲ್ಲಿ ಕೂಗುತ್ತಾರೆ. ಒಂದು ಗಿನಿಗೆ 1.05 ಪೌಂಡ್.

ಇವತ್ತು ರಾತ್ರಿ ಒಂದೇ ತಂದೆಯ ಮರಿಗಳನ್ನು ಮಾತ್ರ ಆರಿಸಿಕೊಂಡು ಕೂರಿ. ಪ್ರತಿಯೊಂದೂ ಅಂಗಳಕ್ಕೆ ಬರುವ ಮೊದಲೇ ನಿಮ್ಮ ಅಂದಾಜನ್ನು ಕಾಗದದ ಮೇಲೆ ಬರೆದಿಡಿ, ಕೂಗು ನಿಂತ ಮೇಲೆ ಬೆಲೆಯನ್ನು ಪಕ್ಕದಲ್ಲಿ ಬರೆಯಿರಿ, ಆರ್‌ಎನ್‌ಎ ಬಂದವನ್ನು ಬೇರೆ ಸಾಲಿನಲ್ಲಿಡಿ. ನಿಮ್ಮ ಅಂದಾಜಿಗೂ ಬೆಲೆಗೂ ದೊಡ್ಡ ಅಂತರ ಬಿದ್ದ ಮರಿಗಳ ನಂಬರನ್ನು ಇಲ್ಲಿ ಹಾಕಿದರೆ ಅವುಗಳ ಕೆಟಲಾಗ್ ಪುಟವನ್ನು ಒಟ್ಟಿಗೆ ನೋಡೋಣ.