ಮೆಣಸಿನಕಾಯಿಯದೇನೂ ತಪ್ಪಿಲ್ಲ

ಪ್ರಶ್ನೆ: ನಮ್ಮವರು ಮುಂಬಯಿ ಫೋರ್ಟ್ ಕಡೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷಗಳಿಂದ ಗಲ್ಲಾದಲ್ಲಿ ಕೂರುತ್ತಾರೆ. ಎಂಡೊಸ್ಕೋಪಿಯಲ್ಲಿ ಹುಣ್ಣು ಕಂಡಿತು. ಆಸಿಡ್ ಮಾತ್ರೆ ನುಂಗಿದರೆ ಗುಣ, ಬಿಟ್ಟರೆ ಮತ್ತೆ ಉರಿ. ಖಾರ ಬಿಡಿಸಿದ್ದೇನೆ, ರಾತ್ರಿ ತಣ್ಣನೆಯ ಹಾಲು ಕೊಡುತ್ತೇನೆ. ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎನ್ನುತ್ತಾರಲ್ಲ, ಹೌದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಹೌದಮ್ಮಾ, ಹೌದು. ತಿಂಗಳಿಗೆ ನಾಲ್ಕು ಸಲ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಹೊಸ ಸುದ್ದಿಯೆಂಬಂತೆ! ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಆ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದ್ದು 1982ರಲ್ಲಿ. ಅದೂ ಈಸ್ಟರ್ ರಜೆಯ ದೆಸೆಯಿಂದ. ಕ್ರಿಮಿ ಬೆಳೆಸಲು ಇಟ್ಟು ಎರಡು ದಿನಕ್ಕೆ ಎಸೆಯುತ್ತಿದ್ದ ಪ್ರಯೋಗಾಲಯದ ತಟ್ಟೆಗಳು ರಜೆಯಲ್ಲಿ ಐದು ದಿನ ಉಳಿದುಬಿಟ್ಟವು, ಕ್ರಿಮಿ ಚಿಗುರಿತು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಕ್ರಿಮಿಯ ದ್ರಾವಣವನ್ನು ತಾನೇ ಕುಡಿದ. ವಾಂತಿ ಶುರುವಾಯಿತು, ಜಠರದ ಒಳಪದರ ಉರಿಯೂತದಿಂದ ಕೆಂಪಾಯಿತು. (ನೀವು ಹೀಗೆ ಮಾಡಬೇಡಿ.) 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಅಡುಗೆಮನೆಗೆ ಮಾತ್ರ ಸುದ್ದಿ ಇನ್ನೂ ತಲುಪಿಲ್ಲ, ಅಲ್ಲಿ ಅಪರಾಧಿ ಇವತ್ತಿಗೂ ಮೆಣಸಿನಕಾಯಿಯೇ.

ಖಾರ ಉರಿ ಹೆಚ್ಚಿಸಬಹುದು, ಹುಣ್ಣು ಮಾಡುವುದಿಲ್ಲ. ಹಾಲು ಅರ್ಧ ಗಂಟೆ ಹಾಯೆನಿಸುತ್ತದೆ, ಆಮೇಲೆ ಜಠರ ಇನ್ನಷ್ಟು ಆಮ್ಲ ಸುರಿಸುತ್ತದೆ. ಆಸಿಡ್ ಮಾತ್ರೆ ಹುಣ್ಣನ್ನು ಮಾಗಿಸುತ್ತದೆ, ಕ್ರಿಮಿ ಅಲ್ಲೇ ಇರುತ್ತದೆ. ಮಾತ್ರೆ ಬಿಟ್ಟೊಡನೆ ಉರಿ ಮರಳುವುದು ಇದಕ್ಕೇ.

ಉಸಿರಿನ ಪರೀಕ್ಷೆ ಮಾಡಿಸಿ. ಈ ಕ್ರಿಮಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ಜಠರದ ಆಮ್ಲದಿಂದ ಪಾರಾಗುತ್ತದೆ. ಆ ಚಾಳಿಯೇ ಉಸಿರಿನಲ್ಲಿ ಸಿಕ್ಕಿಬೀಳುತ್ತದೆ. ಆದರೆ ಪರೀಕ್ಷೆಗೆ ಎರಡು ವಾರ ಮೊದಲು ಆಸಿಡ್ ಮಾತ್ರೆಯನ್ನೂ ನಾಲ್ಕು ವಾರ ಮೊದಲು ಆಂಟಿಬಯಾಟಿಕ್ಕನ್ನೂ ವೈದ್ಯರನ್ನು ಕೇಳಿ ನಿಲ್ಲಿಸಬೇಕು. ಇಲ್ಲದಿದ್ದರೆ ಇರುವ ಕ್ರಿಮಿಯೂ ಇಲ್ಲವೆಂದು ಬರುತ್ತದೆ. ಕ್ರಿಮಿ ಇದ್ದರೆ ಸಾಮಾನ್ಯವಾಗಿ ಹದಿನಾಲ್ಕು ದಿನಗಳ ಚಿಕಿತ್ಸೆ. ಆರನೆಯ ದಿನ ಹಾಯೆನಿಸಿತೆಂದು ಮಾತ್ರೆ ಡಬ್ಬಿಗೆ ಹಾಕುವವರನ್ನು ಕಂಡರೆ ನನಗೆ ರೇಗುತ್ತದೆ. ಮುಂದಿನ ಸಲ ಅದೇ ಔಷಧಿಗೆ ಕ್ರಿಮಿ ಬಗ್ಗದೆ ಹೋಗಬಹುದು. ಚಿಕಿತ್ಸೆ ಮುಗಿದ ಮೇಲೆ ಕ್ರಿಮಿ ಹೋಗಿದೆಯೇ ಎಂದು ಮತ್ತೆ ಪರೀಕ್ಷಿಸಿ.

ಇನ್ನೊಂದು, ನೀವು ಬರೆಯದೆ ಬಿಟ್ಟದ್ದು. ಸೊಂಟನೋವಿಗೆಂದು ಅವರು ನೋವುಮಾತ್ರೆ ನುಂಗುತ್ತಾರೆಯೇ? ಹುಣ್ಣಿನ ಎರಡನೆಯ ದೊಡ್ಡ ಕಾರಣ ಅದು. ಲೋಕಲ್ ರೈಲಿನ ಡಬ್ಬಿಯಲ್ಲಿ ಚೀಟಿ ಅಂಟಿಸುವ ‘ವೈದ್ಯ’ರ ಪುಡಿಯನ್ನಂತೂ ಮುಟ್ಟಬೇಡಿ. ಅಂಥ ಪುಡಿಗಳಲ್ಲಿ ನೋವುಮಾತ್ರೆ, ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಮಲ ಡಾಂಬರಿನಂತೆ ಕಪ್ಪಾದರೆ ಪತ್ರ ಬರೆಯುತ್ತ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಈ ಕ್ರಿಮಿಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ವಯಸ್ಸಾದವರ ವಿಷಯದಲ್ಲಿ ನಾನು ಪುಕ್ಕಲ, ತೂಕ ಇಳಿದಿದ್ದರೆ ಎಂಡೊಸ್ಕೋಪಿಯನ್ನು ಇನ್ನೊಮ್ಮೆ ಮಾಡಿಸಿಯೇ ತೀರುತ್ತೇನೆ.

ಪ್ರಶ್ನೆ: ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಯೇ? – ಥಾಣೆ

ಉತ್ತರ: ಇಲ್ಲ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯ ಅರವತ್ತು ವರ್ಷ ಒಂದೇ ಕೈಯ ನೆಟಿಗೆ ಮುರಿದು ನೋಡಿದ, ಎರಡೂ ಕೈ ಒಂದೇ ರೀತಿ ಇದ್ದವು.

ಪ್ರಶ್ನೆ: ಅಂಗಾಲಿಗೆ ರಾತ್ರಿ ಅಂಟಿಸುವ ಪಟ್ಟಿ ಬೆಳಗ್ಗೆ ಕಪ್ಪಾಗುತ್ತದೆ. ದೇಹದ ವಿಷ ಹೊರಬಂತೇ? – ಪುಣೆ

ಉತ್ತರ: ಕಾಲೇ ಬೇಡ, ಒಂದಿಷ್ಟು ಬಿಸಿನೀರು ಚಿಮುಕಿಸಿ ನೋಡಿ, ಪಟ್ಟಿ ತಾನಾಗಿಯೇ ಕಪ್ಪಾಗುತ್ತದೆ.