ಓದುಗರ ಪ್ರಶ್ನೆ: ದೀರ್ಘ ಪೂಲ್ ಪಂದ್ಯದಲ್ಲಿ ಗೆಲುವು ಎಲ್ಲಿ ನಿರ್ಧಾರವಾಗುತ್ತದೆ?

ಪ್ರಶ್ನೆ: ಮೊದಲು ನೂರು ರ‍್ಯಾಕ್ (ಒಂಬತ್ತನೆಯ ಚೆಂಡು ಬೀಳುವವರೆಗಿನ ಒಂದೊಂದು ಆಟ) ಗೆದ್ದವರಿಗೆ ಜಯ ಎಂಬ ನಿಯಮದ ನೈನ್‌ಬಾಲ್ ಪಂದ್ಯಗಳನ್ನು ನಾನು ಮತ್ತು ನನ್ನ ಮಗ ಆಸಕ್ತಿಯಿಂದ ನೋಡುತ್ತೇವೆ. ಇಬ್ಬರೂ ಅಗ್ರಶ್ರೇಣಿಯ ಆಟಗಾರರಾಗಿದ್ದರೆ ಚೆಂಡು ತಪ್ಪುವುದೇ ಅಪರೂಪ. ಆದರೂ ಕೊನೆಗೆ ಒಬ್ಬರು ಹತ್ತು ಹದಿನೈದು ರ‍್ಯಾಕ್ ಮುಂದಿರುತ್ತಾರೆ. ಇದು ಅದೃಷ್ಟವೇ, ಅಥವಾ ನಮ್ಮ ಕಣ್ಣಿಗೆ ಬೀಳದ ಬೇರೇನಾದರೂ ಇದೆಯೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅದೃಷ್ಟಕ್ಕೆ ಪಾತ್ರವಿದೆ, ಆದರೆ ಪಂದ್ಯ ಉದ್ದವಾದಷ್ಟೂ ಆ ಪಾತ್ರ ಕುಗ್ಗುತ್ತ ಹೋಗುತ್ತದೆ. ಒಂದು ಸಣ್ಣ ಲೆಕ್ಕ ನೋಡೋಣ. ಪ್ರತಿ ರ‍್ಯಾಕ್‌ನಲ್ಲಿ ಒಬ್ಬ ಆಟಗಾರ ಗೆಲ್ಲುವ ಸಾಧ್ಯತೆ ನೂರಕ್ಕೆ 55, ಎದುರಾಳಿಯದು 45 ಎಂದು ಇಟ್ಟುಕೊಳ್ಳಿ. ಮೊದಲು 9 ರ‍್ಯಾಕ್ ಗೆದ್ದವರಿಗೆ ಜಯ ಎಂಬ ಪಂದ್ಯದಲ್ಲಿ ಆ ಉತ್ತಮ ಆಟಗಾರ ಗೆಲ್ಲುವ ಸಾಧ್ಯತೆ ಸುಮಾರು ನೂರಕ್ಕೆ 66 ಮಾತ್ರ. ಅದೇ ಇಬ್ಬರು ಮೊದಲು 100 ರ‍್ಯಾಕ್ ಗೆದ್ದವರಿಗೆ ಜಯ ಎಂಬ ಪಂದ್ಯ ಆಡಿದರೆ ಅದು ಸುಮಾರು ನೂರಕ್ಕೆ 92ಕ್ಕೆ ಏರುತ್ತದೆ. 2024ರಲ್ಲಿ ಜೆಡ್ಡಾದಲ್ಲಿ ನಡೆದ ವಿಶ್ವ ಪೂಲ್ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಫೆಡರ್ ಗೋರ್ಸ್ಟ್ ಅವರು ಎಕ್ಲೆಂಟ್ ಕಾಚಿ ಅವರನ್ನು 15–14ರಿಂದ ಸೋಲಿಸಿದರು. ಪ್ರಶಸ್ತಿ ಗೋರ್ಸ್ಟ್ ಅವರಿಗೆ ನ್ಯಾಯವಾಗಿಯೇ ಸಂದಿತು; ಆದರೆ ಅಂಥ ಒಂದು ಪಂದ್ಯವನ್ನು ಮಾತ್ರ ಆಧರಿಸಿ ಇಬ್ಬರಲ್ಲಿ ಯಾರು ಹೆಚ್ಚು ಸಮರ್ಥರು ಎಂದು ಹೇಳಲು ಸಾಧ್ಯವಿಲ್ಲ. ನೂರು ರ‍್ಯಾಕ್‌ಗಳ ಪಂದ್ಯ ಆ ಪ್ರಶ್ನೆಗೆ ಹೆಚ್ಚು ನಂಬಲರ್ಹವಾದ ಉತ್ತರ ಕೊಡುತ್ತದೆ.

ಹಾಗಾದರೆ ಆ ಸಣ್ಣ ಅಂತರ ಹುಟ್ಟುವುದೆಲ್ಲಿ ಎಂಬುದೇ ನಿಮ್ಮ ನಿಜವಾದ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಅದು ಹುಟ್ಟುವುದು ಕೆಟ್ಟ ರ‍್ಯಾಕ್‌ಗಳಲ್ಲಿ. ಬ್ರೇಕ್‌ನಲ್ಲಿ (ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತದಲ್ಲಿ) ಒಂದು ಚೆಂಡು ಪಾಕೆಟ್‌ಗೆ ಬಿದ್ದು, ಮುಂದಿನ ಚೆಂಡು ಸರಿಯಾಗಿ ಕಾಣಿಸಿ, ಉಳಿದವು ಹರಡಿ ನಿಂತಿದ್ದರೆ ಅಗ್ರಶ್ರೇಣಿಯ ಯಾರೇ ಆದರೂ ಅದನ್ನು ಒಂದೇ ಸರದಿಯಲ್ಲಿ ಮುಗಿಸುತ್ತಾರೆ. ಇಂಥ ರ‍್ಯಾಕ್‌ಗಳು ಇಬ್ಬರಿಗೂ ಹೆಚ್ಚುಕಡಿಮೆ ಸಮನಾಗಿ ಬರುವುದರಿಂದ ಒಂದನ್ನೊಂದು ಸರಿದೂಗಿಸಿಬಿಡುತ್ತವೆ. ಬ್ರೇಕ್‌ನಲ್ಲಿ ಏನೂ ಬೀಳದೆ ಹೋದ, ಎರಡು ಚೆಂಡುಗಳು ಕುಶನ್ (ಮೇಜಿನ ರಬ್ಬರ್ ಅಂಚು) ಬಳಿ ಅಂಟಿಕೊಂಡು ನಿಂತ, ಮೊದಲ ಚೆಂಡೇ ಮರೆಯಾದ ರ‍್ಯಾಕ್‌ಗಳು ಮಾತ್ರ ಲೆಕ್ಕಕ್ಕೆ ಉಳಿಯುತ್ತವೆ. ನೈನ್‌ಬಾಲ್‌ನಲ್ಲಿ ಮೇಜಿನ ಮೇಲಿರುವ ಅತಿ ಕಡಿಮೆ ಸಂಖ್ಯೆಯ ಚೆಂಡನ್ನೇ ಮೊದಲು ಮುಟ್ಟಬೇಕು. ಅದರ ನಂತರ ಯಾವುದಾದರೂ ಚೆಂಡು ಕುಶನ್ ತಾಗಬೇಕು, ಇಲ್ಲವೇ ಪಾಕೆಟ್ ಸೇರಬೇಕು. ತಪ್ಪಿದರೆ ಫೌಲ್, ಎದುರಾಳಿ ಬಿಳಿ ಚೆಂಡನ್ನು ತನಗೆ ಬೇಕಾದ ಜಾಗದಲ್ಲಿ ಇಟ್ಟುಕೊಂಡು ಆಡಬಹುದು. ಈ ಮಟ್ಟದ ಆಟಗಾರರ ಕೈಗೆ ಬಿಳಿ ಚೆಂಡನ್ನು ಒಪ್ಪಿಸುವುದೆಂದರೆ ಸಾಮಾನ್ಯವಾಗಿ ಆ ರ‍್ಯಾಕನ್ನೇ ಒಪ್ಪಿಸಿದಂತೆ. ಆದ್ದರಿಂದ ಚೆಂಡನ್ನು ಮರೆಮಾಡಿ ನಿಲ್ಲಿಸುವ ಸೇಫ್ಟಿ, ಬಿಳಿ ಚೆಂಡನ್ನು ಮೊದಲು ಕುಶನ್‌ಗೆ ಹೊಡೆದು ಮರೆಯಾದ ಚೆಂಡನ್ನು ತಲುಪುವ ಕಿಕ್ ಶಾಟ್, ಬ್ರೇಕ್ ಆದ ಕೂಡಲೆ ಯೋಚಿಸಿ ಆಡುವ ಪುಷ್ ಔಟ್ (ಯಾವ ಚೆಂಡನ್ನೂ ಮುಟ್ಟಬೇಕೆಂಬ ಕಟ್ಟಿಲ್ಲದೆ ಬಿಳಿ ಚೆಂಡನ್ನು ಸರಿಸಿ, ಮುಂದಿನ ಹೊಡೆತ ಯಾರದೆಂಬ ಆಯ್ಕೆಯನ್ನು ಎದುರಾಳಿಗೆ ಬಿಡುವ ಹೊಡೆತ), ಈ ಮೂರರಲ್ಲಿ ಯಾರು ಒಂದಿಷ್ಟು ಮೇಲೋ ಅವರ ಖಾತೆಗೆ ಪ್ರತಿ ಇಪ್ಪತ್ತು ಮೂವತ್ತು ರ‍್ಯಾಕ್‌ಗಳಿಗೊಮ್ಮೆ ಹೆಚ್ಚಿನ ಒಂದೆರಡು ರ‍್ಯಾಕ್‌ಗಳು ಸೇರುತ್ತ ಹೋಗುತ್ತವೆ. ನೀವು ಕೇಳಿದ ಹತ್ತು ಹದಿನೈದರ ಅಂತರ ಹೀಗೆ ಬೆಳೆಯುತ್ತದೆ.

ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯಸ್ ಅವರನ್ನು ಇಂದಿಗೂ ಜನ ಮಾಂತ್ರಿಕ ಎಂದು ಕರೆಯುವುದು ಇದೇ ಕಾರಣಕ್ಕೆ. 1995ರಲ್ಲಿ ಅಮೆರಿಕದ ರೀನೋದಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡ್ ವಿರುದ್ಧ ಆಡುವಾಗ ಅವರು ಕುಶನ್‌ಗಳನ್ನು ತಾಗಿಸಿ ಹೊಡೆದ ಕಿಕ್ ಶಾಟ್ ಪೂಲ್ ಆಟದ ಅತ್ಯಂತ ಪ್ರಸಿದ್ಧ ಹೊಡೆತಗಳಲ್ಲಿ ಒಂದು. ಎದುರಾಳಿಯ ಸೇಫ್ಟಿ ಎಷ್ಟೇ ಬಿಗಿಯಾಗಿದ್ದರೂ ಅದರಿಂದ ಹೊರಬರಬಲ್ಲ ಆಟಗಾರನ ಎದುರು ಆಡುವವನು ಪ್ರತಿ ಸೇಫ್ಟಿಯನ್ನೂ ಇನ್ನಷ್ಟು ನಿಖರವಾಗಿ ಇಡಬೇಕಾಗುತ್ತದೆ. ಆ ಒತ್ತಡವೇ ಅವನಿಂದ ತಪ್ಪು ಮಾಡಿಸುತ್ತದೆ.

ಇನ್ನು ಬ್ರೇಕ್‌ನ ಮಾತು. ಬಹಳ ಮಂದಿ ಇದನ್ನು ತೋಳ್ಬಲದ ವಿಷಯವೆಂದು ತಿಳಿಯುತ್ತಾರೆ. ದೀರ್ಘ ಪಂದ್ಯದಲ್ಲಿ ಬಲಕ್ಕಿಂತ ಮುಖ್ಯವಾದದ್ದು ಒಂದೇ ಹೊಡೆತವನ್ನು ಒಂದೇ ಜಾಗದಿಂದ, ಒಂದೇ ವೇಗದಲ್ಲಿ ಮತ್ತೆ ಮತ್ತೆ ಹೊಡೆಯುವ ಶಕ್ತಿ, ಮತ್ತು ಫಲ ಸಿಗದಾಗ ಅದನ್ನು ಬೇಗ ಬದಲಿಸುವ ವಿವೇಕ. ತೆಳುವಾದ ಹಾಳೆಯ ಮೇಲೆ ಚೆಂಡುಗಳನ್ನು ಬಿಗಿಯಾಗಿ ಜೋಡಿಸುವ ಪದ್ಧತಿ ಬಂದ ಮೇಲೆ ಬದಿಯ ಚೆಂಡು ಮೂಲೆಯ ಪಾಕೆಟ್‌ಗೆ ಹೋಗುವುದು ಬಹುತೇಕ ಖಚಿತವಾಗಿಬಿಟ್ಟಿತ್ತು. ಅದಕ್ಕಾಗಿಯೇ ಹಲವು ದೊಡ್ಡ ಟೂರ್ನಿಗಳಲ್ಲಿ ಒಂದನೆಯ ಚೆಂಡಿನ ಬದಲು ಒಂಬತ್ತನೆಯ ಚೆಂಡನ್ನು ಗುರುತಿನ ಮೇಲೆ ಇಡುವ, ಬ್ರೇಕ್ ಮಾಡುವ ಜಾಗವನ್ನು ಕಿರಿದುಗೊಳಿಸುವ ನಿಯಮಗಳು ಬಂದವು. ಹೊಸ ಬಟ್ಟೆಯ ಮೇಲೆ ಚೆಂಡು ಜಾರುತ್ತದೆ. ಆಟ ಸಾಗಿದಂತೆ ಬಟ್ಟೆ ಸವೆದು ಹೊಡೆತದ ಫಲ ಬದಲಾಗುತ್ತದೆ. ಮೊದಲ ದಿನ ಚೆಂಡು ಬೀಳಿಸುತ್ತಿದ್ದ ಬ್ರೇಕ್ ಎರಡನೆಯ ದಿನ ಬೀಳಿಸದೆ ಹೋದಾಗ, ಅದನ್ನು ನಾಲ್ಕು ರ‍್ಯಾಕ್‌ಗಳಲ್ಲಿ ಗುರುತಿಸಿ ಬಿಳಿ ಚೆಂಡನ್ನು ಒಂದು ಗೇಣು ಆಚೆ ಇಟ್ಟು ನೋಡುವವನಿಗೂ, ಹದಿನೈದು ರ‍್ಯಾಕ್ ಕಳೆದ ಮೇಲೆ ಅರಿತುಕೊಳ್ಳುವವನಿಗೂ ಇರುವ ವ್ಯತ್ಯಾಸ ಪಂದ್ಯವನ್ನೇ ತಿರುಗಿಸಬಲ್ಲದು. ಅಮೆರಿಕದ ಷೇನ್ ವಾನ್ ಬೋನಿಂಗ್ ಅವರು ಇಷ್ಟು ವರ್ಷ ಅಗ್ರಶ್ರೇಣಿಯಲ್ಲಿ ಉಳಿದಿರುವುದರಲ್ಲಿ ಅವರ ಬ್ರೇಕ್‌ನ ಪಾಲು ಬಹಳ ದೊಡ್ಡದು.

ಪ್ರಶ್ನೆ: ಮೂರು ದಿನ ನಡೆಯುವ ಪಂದ್ಯದಲ್ಲಿ ದೇಹಬಲ ಇರುವ ಕಿರಿಯ ಆಟಗಾರನಿಗೇ ಅನುಕೂಲವಲ್ಲವೇ? ದೊಡ್ಡ ಹಿನ್ನಡೆಯಿಂದ ಯಾರಾದರೂ ಚೇತರಿಸಿಕೊಂಡಿದ್ದಾರೆಯೇ?
– ಕಾಲೇಜು ವಿದ್ಯಾರ್ಥಿನಿ, ಮಲ್ಲೇಶ್ವರಂ, ಬೆಂಗಳೂರು

ಉತ್ತರ: ಚೇತರಿಸಿಕೊಂಡಿದ್ದಾರೆ. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೇಲೆ ಹೇಳಿದ ರೇಯಸ್ ಮತ್ತು ಸ್ಟ್ರಿಕ್‌ಲ್ಯಾಂಡ್ ನಡುವೆ ಮೊದಲು 120 ರ‍್ಯಾಕ್ ಗೆದ್ದವರಿಗೆ 1,00,000 ಡಾಲರ್ ಎಂಬ ಪಂದ್ಯ ಮೂರು ದಿನ ನಡೆಯಿತು. ದೊಡ್ಡ ಅಂತರದಲ್ಲಿ ಹಿಂದೆ ಬಿದ್ದಿದ್ದ ರೇಯಸ್ ಕೊನೆಗೆ 120–117ರಿಂದ ಗೆದ್ದರು. ಅವರು ಸ್ಟ್ರಿಕ್‌ಲ್ಯಾಂಡ್‌ಗಿಂತ ಏಳು ವರ್ಷ ಹಿರಿಯರು ಎಂಬುದನ್ನು ನೆನಪಿಡಿ. ದೇಹದ ದಣಿವು ಇದ್ದೇ ಇರುತ್ತದೆ, ಆದರೆ ಪೂಲ್‌ನಲ್ಲಿ ಹೆಚ್ಚು ದಣಿಸುವುದು ಆಡುವುದಲ್ಲ, ಕುರ್ಚಿಯಲ್ಲಿ ಕೂರುವುದು. ಗೆದ್ದವರೇ ಮುಂದಿನ ಬ್ರೇಕ್ ಮಾಡುವ ನಿಯಮವಿದ್ದಲ್ಲಿ ಎದುರಾಳಿ ಸತತವಾಗಿ ಐದಾರು ರ‍್ಯಾಕ್ ಗೆದ್ದರೆ, ನೀವು ಅರ್ಧ ಗಂಟೆಗೂ ಹೆಚ್ಚು ಕಾಲ ಕ್ಯೂ ಹಿಡಿದು ಸುಮ್ಮನೆ ಕೂತಿರಬೇಕು. ಆಮೇಲೆ ಒಮ್ಮೆಲೇ ಎದ್ದು, ಮರೆಯಾದ ಚೆಂಡಿಗೆ ಕಿಕ್ ಆಡಬೇಕು. ತೋಳು ಬಿಗಿದಿರುತ್ತದೆ, ಮೇಜಿನ ವೇಗದ ಅಂದಾಜು ಕೈಬಿಟ್ಟಿರುತ್ತದೆ. ಆ ಒಂದು ಹೊಡೆತವನ್ನು ತನ್ನ ಎಂದಿನ ಲಯದಲ್ಲೇ ಆಡಬಲ್ಲವನು ದೀರ್ಘ ಪಂದ್ಯದ ಆಟಗಾರ. ಇದೇ ನಿಯಮದಲ್ಲಿ ಎಂಟು ರ‍್ಯಾಕ್‌ಗಳ ಮುನ್ನಡೆ ಒಂದೇ ಸರದಿಯಲ್ಲಿ ಕರಗಬಹುದಾದ್ದರಿಂದ, ಹಿಂದಿರುವವನು ಅಂಕಫಲಕ ನೋಡಿ ಸಾಹಸದ ಹೊಡೆತಗಳಿಗೆ ಕೈಹಾಕಿದರೆ ಅದು ತಪ್ಪು ನಿರ್ಧಾರ. ಇನ್ನೂ ಅರವತ್ತು ರ‍್ಯಾಕ್ ಬಾಕಿ ಇರುವಾಗ ಹತ್ತರ ಹಿನ್ನಡೆಗೆ ಹೆದರಿ ಸೇಫ್ಟಿ ಆಡುವುದನ್ನು ಬಿಟ್ಟವರು ಆ ಹತ್ತನ್ನು ತಾವೇ ಇಪ್ಪತ್ತು ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಸ್ನೂಕರ್, ಬಿಲಿಯರ್ಡ್ಸ್ ಕಲಿತವರು ಇಂಥ ಪೂಲ್ ಪಂದ್ಯಗಳಿಗೆ ಸಿದ್ಧರಾಗಬೇಕಾದರೆ ಯಾವುದಕ್ಕೆ ಗಮನ ಕೊಡಬೇಕು?
– ಕ್ಲಬ್ ಆಟಗಾರ, ಜಯನಗರ, ಬೆಂಗಳೂರು

ಉತ್ತರ: ಹನ್ನೆರಡು ಅಡಿಯ ಮೇಜಿನಲ್ಲಿ ಚೆಂಡು ಬೀಳಿಸಲು ಕಲಿತವರಿಗೆ ಒಂಬತ್ತು ಅಡಿಯ ಪೂಲ್ ಮೇಜಿನಲ್ಲಿ ನಿಖರತೆಯ ಚಿಂತೆ ಕಡಿಮೆ, ಸೇಫ್ಟಿಯ ಕಲ್ಪನೆಯೂ ಅವರಿಗೆ ಹೊಸದಲ್ಲ. ಅವರಿಗೆ ಹೊಸದು ಬ್ರೇಕ್ ಮತ್ತು ಲೆಕ್ಕದ ರೀತಿ. ಈ ಕೊನೆಯದನ್ನು ಸ್ವಲ್ಪ ವಿವರಿಸುತ್ತೇನೆ. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ ಸವೂರ್ ಅವರ ಕೈಯಲ್ಲಿ ಪಳಗಿದ ಪಂಕಜ್ ಅಡ್ವಾಣಿ ಅವರು 2008ರಲ್ಲಿ ಬೆಂಗಳೂರಿನಲ್ಲೇ ನಡೆದ ವಿಶ್ವ ಬಿಲಿಯರ್ಡ್ಸ್ ಸ್ಪರ್ಧೆಯಲ್ಲಿ ಸಮಯದ ಮಾದರಿ, ಪಾಯಿಂಟ್ ಮಾದರಿ ಎರಡರಲ್ಲೂ ಗೆದ್ದರು. ಸಮಯದ ಮಾದರಿಯಲ್ಲಿ (ನಿಗದಿತ ಸಮಯದಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಜಯ) ಒಂದು ಮುನ್ನೂರರ ಬ್ರೇಕ್, ಅಂದರೆ ಬಿಲಿಯರ್ಡ್ಸ್‌ನಲ್ಲಿ ಒಂದೇ ಸರದಿಯಲ್ಲಿ ಗಳಿಸಿದ ಮುನ್ನೂರು ಅಂಕ, ಹಿಂದಿನ ಒಂದು ಗಂಟೆಯ ಸೋಲನ್ನು ಅಳಿಸಿಹಾಕಬಲ್ಲದು. ಪಾಯಿಂಟ್ ಮಾದರಿಯಲ್ಲಿ 150ಕ್ಕೆ ಒಂದು ಆಟ ಮುಗಿಯುವುದರಿಂದ ಎಷ್ಟೇ ಸೊಗಸಾಗಿ ಆಡಿದರೂ ಅದು ಒಂದೇ ಆಟ. ಪೂಲ್ ಈ ಎರಡನೆಯ ಜಾತಿಗೆ ಸೇರಿದ್ದು: ಎದುರಾಳಿಗೆ ಒಂದು ಚೆಂಡನ್ನೂ ಬಿಡದೆ ಗೆದ್ದ ರ‍್ಯಾಕ್‌ಗೂ, ಆರು ಸೇಫ್ಟಿಗಳ ನಂತರ ಪರದಾಡಿ ಗೆದ್ದ ರ‍್ಯಾಕ್‌ಗೂ ಬೆಲೆ ಒಂದೇ. ಅಭ್ಯಾಸವೂ ಇದಕ್ಕೆ ತಕ್ಕಂತಿರಬೇಕು. ಜೊತೆಗಾರರೊಬ್ಬರೊಂದಿಗೆ 25 ರ‍್ಯಾಕ್‌ಗಳ ಪಂದ್ಯ ಆಡಿ, ಬ್ರೇಕ್‌ನಲ್ಲಿ ಏನೂ ಬೀಳದ ಅಥವಾ ಮೊದಲ ಚೆಂಡು ಮರೆಯಾದ ರ‍್ಯಾಕ್‌ಗಳನ್ನು ಮಾತ್ರ ಬೇರೆ ಬರೆದಿಟ್ಟುಕೊಳ್ಳಿ, ಮತ್ತು ಅವುಗಳಲ್ಲಿ ಎಷ್ಟನ್ನು ಗೆದ್ದಿರಿ ಎಂದು ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ತೇವ ಹೀರಿ ಮೇಜು ನಿಧಾನವಾಗುತ್ತದೆ. ಆಗ ಅಭ್ಯಾಸ ನಿಲ್ಲಿಸದೆ, ಬ್ರೇಕ್‌ನ ಜಾಗ ಮತ್ತು ವೇಗವನ್ನು ಬದಲಿಸಿ ನೋಡಲು ಅದೇ ಒಳ್ಳೆಯ ಸಮಯವೆಂದು ಬಳಸಿಕೊಳ್ಳಿ.