ಗ್ರಂಥಪಾಲಕರನ್ನು ಕೇಳಿ: 35 ಡಾಲರ್ ಕೊಡುವ ಮೊದಲು

ಪ್ರಶ್ನೆ: ಸರ್, ಖಾಸಗಿ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ರಾಜ್ಯ ಸರ್ಕಾರದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನಗೆ ಬೇಕಾದ ಲೇಖನಗಳೆಲ್ಲ ದುಡ್ಡು ಕೇಳುತ್ತವೆ. ಒಂದಕ್ಕೆ 35 ಡಾಲರ್! ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಬಂದಿದೆ ಅಂತಾರೆ. ನಮ್ಮ ಕಾಲೇಜಿನಲ್ಲಿ ಏನೂ ತೆರೆಯುವುದಿಲ್ಲ. ಸ್ನೇಹಿತರೊಬ್ಬರು ಕದ್ದ ಪ್ರತಿ ಸಿಗುವ ವೆಬ್‌ಸೈಟ್ ತೋರಿಸಿದರು. ಏನು ಮಾಡಲಿ?
– ಉಪನ್ಯಾಸಕಿ, ಹಾಸನ

ಉತ್ತರ: ಮೊದಲು ಬ್ಯಾಂಕ್ ಕಾರ್ಡನ್ನು ಪರ್ಸಿನೊಳಗೆ ಇಡಿ ಮೇಡಂ. ಆ 35 ಡಾಲರ್‌ನಲ್ಲಿ ಲೇಖನ ಬರೆದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಅದನ್ನು ಓದಿ ತಪ್ಪು ತಿದ್ದಿದ ಪರಿಶೀಲಕರಿಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಎಷ್ಟೋ ಸಂಶೋಧನೆಗೆ ದುಡ್ಡು ಹಾಕಿದ್ದು ಸರ್ಕಾರ, ಅಂದರೆ ತೆರಿಗೆ ಕಟ್ಟುವ ನಾವು. ಅದನ್ನು ಓದಲು ಮತ್ತೆ ನಾವೇ ದುಡ್ಡು ಕೊಡಬೇಕು. ಇದು ಸರಿಯಲ್ಲ ಅಂತ ನಮ್ಮ ವೃತ್ತಿಯವರು ದಶಕಗಳಿಂದ ಹೇಳುತ್ತಲೇ ಇದ್ದಾರೆ.

ನೀವು ಕೇಳಿದ್ದು ಸಂಶೋಧನಾ ಪತ್ರಿಕೆಗಳಿಗೆ ಸಂಸ್ಥೆಗಳ ಪರವಾಗಿ ಸರ್ಕಾರವೇ ಚಂದಾ ಕಟ್ಟುವ ಯೋಜನೆ. ಅದಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2024ರ ನವೆಂಬರ್‌ನಲ್ಲಿ. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರಲ್ಲಿವೆ. ಆದರೆ ಬಾಗಿಲು ತೆರೆದಿರುವುದು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗಳಿಗೆ. ಹೆಸರಿನಲ್ಲಿ ‘ರಾಷ್ಟ್ರ’ ಇದ್ದರೂ ಖಾಸಗಿ ಕಾಲೇಜಿನವರು, ನಿವೃತ್ತ ಮೇಷ್ಟ್ರು, ಹಳ್ಳಿಯ ಡಾಕ್ಟರು, ಪತ್ರಕರ್ತರು ಎಲ್ಲ ಹೊರಗೇ. ಇಷ್ಟು ದುಡ್ಡು ಸುರಿದ ಮೇಲೆ ಸಾರ್ವಜನಿಕ ಗ್ರಂಥಾಲಯಗಳನ್ನಾದರೂ ಸೇರಿಸಬಹುದಿತ್ತು, ಅಲ್ವಾ?

ನಿಮ್ಮ ವಿಷಯದಲ್ಲಿ ಒಂದು ದಾರಿ ಕಣ್ಣೆದುರೇ ಇದೆ. ನೀವು ಬರೀ ಖಾಸಗಿ ಕಾಲೇಜಿನ ಉಪನ್ಯಾಸಕಿಯಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ಕೂಡ! ಅಲ್ಲಿನ ಗ್ರಂಥಾಲಯಕ್ಕೆ ಹೋಗಿ ನೋಂದಣಿ ಪತ್ರ ತೋರಿಸಿ. ‘ಇನ್ಫೆಡ್’ ಲಾಗಿನ್ ಬೇಕು ಅಂತ ಕೇಳಿ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ವ್ಯವಸ್ಥೆಯಲ್ಲಿ ನಿಮ್ಮ ವಿಶ್ವವಿದ್ಯಾಲಯ ಸೇರಿದ್ದರೆ ಕ್ಯಾಂಪಸ್‌ಗೆ ಹೋಗದೆ ಮನೆಯಿಂದಲೇ ಪತ್ರಿಕೆಗಳನ್ನು ಓದಬಹುದು. ಎಷ್ಟೋ ಪಿಎಚ್‌ಡಿ ವಿದ್ಯಾರ್ಥಿಗಳು ಇದನ್ನು ಕೇಳುವುದೇ ಇಲ್ಲ. ಗ್ರಂಥಾಲಯ ಅಂದರೆ ಕೊನೆಗೆ ಬಾಕಿಯಿಲ್ಲ ಅಂತ ಸಹಿ ಹಾಕಿಸಿಕೊಳ್ಳುವ ಜಾಗ ಅಂದುಕೊಂಡಿರುತ್ತಾರೆ.

ಅಲ್ಲೂ ಸಿಗದಿದ್ದರೆ ಲೇಖನದ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿ. ಕೆಳಗೆ ಬೇರೆ ಆವೃತ್ತಿಗಳ ಕೊಂಡಿ ಇರುತ್ತದೆ, ಅದನ್ನು ಒತ್ತಿ. ಪ್ರಕಾಶಕರು ಬೀಗ ಹಾಕಿದ ಲೇಖನದ ಕರಡು ಪ್ರತಿಯನ್ನು ಲೇಖಕರೇ ತಮ್ಮ ಸಂಸ್ಥೆಯ ಆನ್‌ಲೈನ್ ಭಂಡಾರದಲ್ಲಿ ಇಟ್ಟಿರುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಂಥ ಭಂಡಾರವನ್ನು 2002ರಲ್ಲೇ ಶುರು ಮಾಡಿತ್ತು. ಸಂಶೋಧನಾ ಲೇಖನಗಳು ಎಲ್ಲರಿಗೂ ಪುಕ್ಕಟೆ ಸಿಗಬೇಕು ಅನ್ನುವ ‘ಮುಕ್ತ ಪ್ರವೇಶ’ದ ಬುಡಾಪೆಸ್ಟ್ ಘೋಷಣೆ ಬಂದದ್ದೂ ಅದೇ ವರ್ಷ. ‘ಅನ್‌ಪೇವಾಲ್’ ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಇಂಥ ಪ್ರತಿಗಳನ್ನು ಅದೇ ಹುಡುಕಿ ಕೊಡುತ್ತದೆ. ನಮ್ಮ ದೇಶದ ಪ್ರಬಂಧಗಳು ಬೇಕಾದರೆ ‘ಶೋಧಗಂಗಾ’ ನೋಡಿ. ಕನ್ನಡದಲ್ಲಿ ಬರೆದ ಪಿಎಚ್‌ಡಿ ಪ್ರಬಂಧಗಳೂ ಅಲ್ಲಿವೆ.

ಇಷ್ಟೆಲ್ಲ ಆದರೂ ಸಿಗಲಿಲ್ಲವೇ? ಲೇಖಕರಿಗೇ ಒಂದು ಇಮೇಲ್ ಹಾಕಿ. ನಾಲ್ಕೇ ಸಾಲು ಸಾಕು: ನೀವು ಯಾರು, ಯಾವ ಲೇಖನ, ಯಾಕೆ ಬೇಕು, ಧನ್ಯವಾದ. ಸಂಕೋಚ ಬೇಡ. ತಮ್ಮ ಲೇಖನವನ್ನು ದೂರದ ಊರಿನವರೊಬ್ಬರು ಕೇಳಿ ಓದುತ್ತಾರೆ ಅಂದರೆ ಹೆಚ್ಚಿನವರಿಗೆ ಖುಷಿಯೇ. ಉತ್ತರ ಬರದಿದ್ದರೆ ಸಹಲೇಖಕರಿಗೆ ಬರೆಯಿರಿ. ಅವರಲ್ಲಿ ಚಿಕ್ಕವರು ಬೇಗ ಉತ್ತರಿಸುತ್ತಾರೆ.

ಕದ್ದ ಪ್ರತಿಯ ವೆಬ್‌ಸೈಟ್ ಬಗ್ಗೆ: ದೊಡ್ಡ ಪ್ರಕಾಶಕರು 2020ರಲ್ಲೇ ಅಂಥ ತಾಣಗಳ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಿದ್ದಾರೆ. ಜನ ಯಾಕೆ ಅಲ್ಲಿಗೆ ಹೋಗುತ್ತಾರೆ ಅನ್ನೋದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಇಷ್ಟು ನೇರ ದಾರಿಗಳಿರುವಾಗ ನೀವು ಆ ಕಡೆ ಹೋಗಬೇಕಾಗಿಲ್ಲ.

ಪ್ರಶ್ನೆ: ಪ್ರತಿ ವರ್ಷ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತೇನೆ. ನಾನು ಲೈಬ್ರರಿಗೆ ಕಾಲಿಟ್ಟವನೇ ಅಲ್ಲ. ಸುಮ್ನೆ ಯಾಕೆ ಕಟ್ಟಬೇಕು?
– ಓದುಗ, ತುಮಕೂರು

ಉತ್ತರ: ಅದು ಸದಸ್ಯತ್ವದ ಫೀಸಲ್ಲ ಸ್ವಾಮಿ. ರಾತ್ರಿ ಓಡಾಡದವರೂ ಬೀದಿದೀಪಕ್ಕೆ ಕಟ್ಟುವುದಿಲ್ಲವೇ, ಹಾಗೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಕರ. ಇಂಥ ಕರದ ಯೋಚನೆಯನ್ನು ನಮ್ಮ ದೇಶದಲ್ಲಿ ಕಾನೂನಾಗಿಸಿದ್ದು 1948ರ ಮದ್ರಾಸ್ ಕಾಯ್ದೆ. ಅದರ ಹಿಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ವರ್ಷಗಟ್ಟಲೆಯ ಓಡಾಟವಿತ್ತು. ದೇಣಿಗೆ ನೆಚ್ಚಿಕೊಂಡರೆ ಗ್ರಂಥಾಲಯ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಆ ಮನುಷ್ಯ ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ.

ಕಟ್ಟುವುದಂತೂ ಕಟ್ಟುತ್ತೀರಿ, ಹೋಗಿ ಬೇಕಾದ ಪುಸ್ತಕ ಕೇಳಿ. ಇಲ್ಲದಿದ್ದರೆ ತರಿಸಿ ಅಂತ ಬರೆದು ಕೊಡಿ. ಹಳ್ಳಿಯಲ್ಲಿ ಮನೆ ಇರುವವರಿಗೆ ಒಂದು ಮಾತು: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ‘ಅರಿವು ಕೇಂದ್ರ’ ಅನ್ನುತ್ತಾರೆ. ದೂರು ಏನಿದ್ದರೂ ಪಿಡಿಒ ಹತ್ತಿರ ಹೇಳಿ.

ಪ್ರಶ್ನೆ: ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದಾನೆ. ಪಠ್ಯಪುಸ್ತಕ ಸ್ಕ್ಯಾನ್ ಮಾಡಿ ಕೊಟ್ಟರೆ ಅವನ ಫೋನು ಅದನ್ನು ಓದುವುದೇ ಇಲ್ಲ. ಹೀಗೆ ಸ್ಕ್ಯಾನ್ ಮಾಡುವುದು ಕಾಪಿರೈಟ್ ಪ್ರಕಾರ ತಪ್ಪಾ ಅನ್ನೋ ಭಯ ಬೇರೆ.
– ಅಕ್ಕ, ಗದಗ

ಉತ್ತರ: ಭಯ ಬಿಡಿ ತಾಯಿ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ಅವಕಾಶ ಕೊಟ್ಟಿದ್ದಾರೆ. ಅಂಗವೈಕಲ್ಯ ಇರುವವರು ಸ್ವಂತಕ್ಕೆ, ಓದಿಗೆ ಅಥವಾ ಸಂಶೋಧನೆಗೆ ಬಳಸಲು ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ಯಾರು ಬೇಕಾದರೂ ತರಬಹುದು. ಪ್ರಕಾಶಕರ ಒಪ್ಪಿಗೆ ಬೇಡ. ಅದನ್ನು ಮಾರಬಾರದು, ಕಣ್ಣು ಕಾಣುವ ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು, ಅಷ್ಟೇ. ದೃಷ್ಟಿದೋಷ ಇರುವವರಿಗಾಗಿ ಮಾಡಿದ ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು.

ಕಾನೂನು ಸಲೀಸು. ಕಷ್ಟ ಇರುವುದು ಕನ್ನಡದ ಫೈಲಿನಲ್ಲಿ. ಸ್ಕ್ಯಾನ್ ಅಂದರೆ ಬರೀ ಫೋಟೊ. ಫೋನಿಗೆ ಅದರಲ್ಲಿ ಅಕ್ಷರ ಕಾಣುವುದಿಲ್ಲ. ಆ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಫೋಟೊ ಪಠ್ಯವಾಗುತ್ತದೆ. ಒಮ್ಮೆಗೇ ಇಡೀ ಪುಸ್ತಕ ಹಾಕಬೇಡಿ, ಅಧ್ಯಾಯ ಅಧ್ಯಾಯವಾಗಿ ಹಾಕಿ. ಆಮೇಲೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿದ್ದಿ. ಒತ್ತಕ್ಷರಗಳು ತಪ್ಪುವುದು ಜಾಸ್ತಿ. ಹಳಗನ್ನಡ ಪದ್ಯಗಳನ್ನಂತೂ ಸಾಲು ಸಾಲಾಗಿ ನೋಡಲೇಬೇಕು. ಅಲ್ಲಿ ಒಂದು ಅಕ್ಷರ ಕೆಟ್ಟರೂ ಛಂದಸ್ಸು ಕೆಡುತ್ತದೆ, ಪರೀಕ್ಷೆಯಲ್ಲಿ ಅಂಕವೂ ಹೋಗುತ್ತದೆ.

ಮೇಷ್ಟ್ರು ಟೈಪ್ ಮಾಡಿದ ನೋಟ್ಸ್ ಕೊಟ್ಟರೂ ಫೋನು ಏನೇನೋ ಇಂಗ್ಲಿಷ್ ಅಕ್ಷರ ಒದರುತ್ತದೆಯೇ? ಅದು ಹಳೆಯ ನುಡಿ ಅಥವಾ ಬರಹ ಫಾಂಟಿನ ಕೆಲಸ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ. ಅದನ್ನು ಎಲ್ಲ ಫೋನು, ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಇವತ್ತಿಗೂ ಹಳೆಯ ಫಾಂಟಿನಲ್ಲೇ ಪುಸ್ತಕ ಸಿದ್ಧಮಾಡುವ ಪ್ರಕಾಶಕರಿದ್ದಾರೆ. ಕನ್ನಡದ ಕೆಲಸ ಮಾಡುತ್ತಲೇ ಕನ್ನಡದ ಓದುಗರನ್ನು ಹೊರಗಿಡುತ್ತಿದ್ದಾರೆ ಅನ್ನೋದು ಅವರಿಗೆ ಹೊಳೆದೇ ಇಲ್ಲವೇನೋ.

ಇಷ್ಟು ಕಷ್ಟಪಡುವ ಮೊದಲು ‘ಸುಗಮ್ಯ ಪುಸ್ತಕಾಲಯ’ದಲ್ಲಿ ಹುಡುಕಿ. 2016ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯ ಮುದ್ರಿತ ಪುಸ್ತಕ ಓದಲಾಗದವರಿಗೇ ಮೀಸಲು. ತಮ್ಮನ ಅಂಗವೈಕಲ್ಯದ ಪ್ರಮಾಣಪತ್ರ ಜೊತೆಗಿಟ್ಟುಕೊಂಡು ನೋಂದಾಯಿಸಿ. ಅವನ ಪಠ್ಯ ಅಲ್ಲಿಲ್ಲದಿದ್ದರೆ, ನೀವು ತಿದ್ದಿದ ಫೈಲನ್ನು ಅದರ ಸದಸ್ಯ ಸಂಸ್ಥೆಯೊಂದಕ್ಕೆ ಕೊಡಬಹುದಾ ಅಂತ ವಿಚಾರಿಸಿ. ಅದೇ ಪಠ್ಯ ಓದುವ ಬೇರೆ ಹುಡುಗರ ಮನೆಯವರಿಗೆ ಆ ತಿದ್ದುವ ಕೆಲಸ ತಪ್ಪುತ್ತದೆ.